ಗಾಳಗುರುವೂ ಮೂರನೇ ತೂಬಿನ ಬಂಡೆಯೂ

ಮುತ್ತುಗದಕೆರೆಯ ಏರಿಯ ಮೇಲೆ ನಲವತ್ತೊಂದು ವರ್ಷ ಗಾಳ ಹಾಕಿದ ದ್ಯಾವೀರಮ್ಮನ ಹೆಸರಿನ ಮುಂದೆ ‘ಅನನುಭವಿ’ ಎಂದು ಬರೆದು, ಅವಳ ಬಿದಿರಿನ ಕೋಲನ್ನು ಕಿತ್ತುಕೊಂಡು ಕ್ಲಬ್ಬಿನ ಗೋಡೆಗೆ ನೇತುಹಾಕಿದರು.

ಅದಾದ ಮೂರನೇ ಬೆಳಿಗ್ಗೆ ಅವಳ ಮೈದುನ ಬೋರಲಿಂಗಯ್ಯ ಹಿತ್ತಲಿಗೆ ನುಗ್ಗಿದ. ಬಗಲಲ್ಲಿ ಟಿಫನ್ ಡಬ್ಬಿಯಷ್ಟು ದೊಡ್ಡ ಪೆಟ್ಟಿಗೆ, ಮುಖದಲ್ಲಿ ಚಂದ್ರನಿಗೆ ಏಣಿ ಹಾಕಿ ಇಳಿದುಬಂದವನ ಕಳೆ.

“ಅತ್ತಿಗೆ! ಬಿಡು ನಿನ್ನ ಚಿಂತೆ! ನಿನ್ನ ಬಂಡೆ ನಿನಗೇ!”

ದ್ಯಾವೀರಮ್ಮ ಪೆಟ್ಟಿಗೆಯನ್ನೊಮ್ಮೆ, ಅವನನ್ನೊಮ್ಮೆ ನೋಡಿದಳು. ಬೋರಲಿಂಗಯ್ಯ ನೀರಿನ ಪಂಪ್‌ಹೌಸಿನಲ್ಲಿ ಮೂವತ್ತು ವರ್ಷ ದುಡಿದು ನಿವೃತ್ತನಾದವನು. ನಿವೃತ್ತನಾದ ದಿನದಿಂದ ಬೀದಿಗೆ ನೆಮ್ಮದಿಯಿಲ್ಲ. ಹಾಲುಕ್ಕುವ ಮೊದಲೇ ಕೂಗುವ ಪಾತ್ರೆ ಮಾಡಿದ್ದ. ಅದು ಹಸು ಕರೆಯುವ ಮೊದಲೇ ಕೂಗತೊಡಗಿ, ಹಸುವೇ ಬೆದರಿ ಎರಡು ದಿನ ಹಾಲು ಬಿಡಲಿಲ್ಲ. ತಾನಾಗಿ ಗುಡಿಸುವ ಪೊರಕೆ ಮಾಡಿದ್ದ. ಅದು ಕಸವನ್ನೆಲ್ಲ ನೀಟಾಗಿ ಗುಡಿಸಿ ಪಕ್ಕದ ಮನೆಯ ದೇವರ ಕೋಣೆಗೆ ತಲುಪಿಸುತ್ತಿತ್ತು.

“ಇದೇನಪ್ಪಾ? ಇದೂ ಕೂಗ್ತದಾ?”

“ಕೂಗೋದಲ್ಲ ಅತ್ತಿಗೆ, ಕಲಿಸ್ತದೆ! ಇದರ ಹೆಸರು ಗಾಳಗುರು!”

ಆ ಹೆಸರನ್ನು ಅವಳು ಬೇಲಿಯ ಮೇಲಿನ ಬೋರ್ಡಿನಲ್ಲಿ ನೋಡಿದ್ದಳು.

ಬೇಲಿ ಬಂದದ್ದು ಹಿಂದಿನ ತಿಂಗಳು. ಕೆರೆಯನ್ನು ‘ಹವ್ಯಾಸಿ ಗಾಳಗಾರರ ಕ್ಲಬ್ಬು’ ಎಂಬುದೊಂದು ಗುತ್ತಿಗೆಗೆ ಹಿಡಿಯಿತು. ಜೀಪುಗಳಲ್ಲಿ ಬರುವ ಹನ್ನೊಂದು ಜನ. ಅವರು ಏರಿಯ ಮೇಲೆ ಕೂರುವವರಿಗೆಲ್ಲ ಪರೀಕ್ಷೆ ಇಟ್ಟರು: ಇಪ್ಪತ್ತು ಪ್ರಶ್ನೆ, ಪ್ರತಿಯೊಂದಕ್ಕೂ ನಾಲ್ಕು ಉತ್ತರ, ಸರಿಯಾದುದಕ್ಕೆ ಗುರುತು. ‘ದಾರ ಸಿಕ್ಕಾದಾಗ ಏನು ಮಾಡಬೇಕು?’ ಎಂಬುದಕ್ಕೆ ದ್ಯಾವೀರಮ್ಮ “ಬಿಡಿಸ್ಬೇಕು” ಎಂದಳು. ಆ ನಾಲ್ಕರಲ್ಲಿ ಅದು ಇರಲಿಲ್ಲ. ಸೊನ್ನೆ ಬಂತು. ಏರಿಯ ಮೇಲಿನ ಉಳಿದವರಿಗೂ ಸೊನ್ನೆಯೇ. ಮೀನು ಹಿಡಿದು ಮಕ್ಕಳನ್ನು ಸಾಕಿದವರೆಲ್ಲ ಒಂದೇ ಮಧ್ಯಾಹ್ನದಲ್ಲಿ ಅನನುಭವಿಗಳಾದರು. ಮೀನನ್ನು ತಟ್ಟೆಯಲ್ಲಿ ಮಾತ್ರ ಕಂಡಿದ್ದ ಹನ್ನೊಂದು ಜನ ಅನುಭವಿಗಳಾಗಿ ಕೊರಳಿಗೆ ಕಾರ್ಡು ತೂಗುಹಾಕಿಕೊಂಡರು.

ಅನನುಭವಿಗಳಿಗೆ ಒಂದೇ ದಾರಿ. ಕ್ಲಬ್ಬು ಒಪ್ಪಿದ ಕಲಿಕಾಯಂತ್ರ ‘ಗಾಳಗುರು’ವಿನ ಮುಂದೆ ಕೂತು ಕಲಿತು, ಭಾನುವಾರದೊಳಗೆ ಕಾರ್ಡು ಪಡೆಯಬೇಕು. ಇಲ್ಲದಿದ್ದರೆ ಜಾಗ ಹೋಯಿತು. ದ್ಯಾವೀರಮ್ಮನ ಜಾಗವೆಂದರೆ ಮೂರನೇ ತೂಬಿನ ಪಕ್ಕದ ಚಪ್ಪಟೆ ಬಂಡೆ. ಅವಳು ಕೂತೂ ಕೂತೂ ಅದರಲ್ಲೊಂದು ತಗ್ಗು ಬಿದ್ದಿತ್ತು. ಆ ಬಂಡೆಗೆ ‘ಅಧ್ಯಕ್ಷರ ಪೀಠ’ ಎಂಬ ಬೋರ್ಡು ಆಗಲೇ ಬರೆಸಿಟ್ಟಿದ್ದರು; ಬಣ್ಣ ಒಣಗುವುದೊಂದೇ ಬಾಕಿ.

“ಅಂದ್ರೆ, ಆ ಯಂತ್ರ ಮಾಡ್ಕೊಟ್ಟಿದ್ದು ನೀನಾ?”

“ಮತ್ತಿನ್ಯಾರು! ಹನ್ನೆರಡು ಪೆಟ್ಟಿಗೆ! ಅವ್ರಿಗೆ ಹನ್ನೊಂದು, ನಿಂಗೊಂದು. ನನ್ನ ಯಂತ್ರಾನೇ ನಿಂಗೆ ಕಾರ್ಡು ಕೊಡಿಸ್ತದೆ ಅತ್ತಿಗೆ. ಯಾವನಾದ್ರೂ ಬೇಡ ಅನ್ಲಿ ನೋಡನ!”

ಬೈಯಬೇಕೆಂದು ತೆರೆದ ಬಾಯನ್ನು ದ್ಯಾವೀರಮ್ಮ ಹಾಗೇ ಮುಚ್ಚಿದಳು. ಅವನ ಕಣ್ಣು ಅಷ್ಟು ಹೊಳೆಯುತ್ತಿತ್ತು.

ಯಂತ್ರ ಪರೀಕ್ಷಿಸಲೆಂದೇ ಬೋರಲಿಂಗಯ್ಯ ಹಿತ್ತಲಿನ ತೊಟ್ಟಿಯಲ್ಲಿ ಅವಳ ಬಳಿಯೇ ಕೊಂಡಿದ್ದ ಏಳು ಜಿಲೇಬಿ ಮೀನು ಬಿಟ್ಟಿದ್ದ. ಅಂಗೈಯಗಲದ, ಮೈಮೇಲೆ ಪಟ್ಟೆಯಿರುವ, ಮುಳ್ಳು ಕೆರಳಿಸುವ ಮೀನು. ಪೆಟ್ಟಿಗೆಯನ್ನು ಹಿತ್ತಲಲ್ಲಿ ಬಿದ್ದಿದ್ದ ಒಂದು ಕೋಲಿನ ಬುಡಕ್ಕೆ ಕಟ್ಟಿದ. ಕೋಲಿನಿಂದ ದಾರ, ದಾರದಲ್ಲಿ ನೀರ ಮೇಲೆ ತೇಲುವ ಬೆಂಡು, ಬೆಂಡಿನಲ್ಲಿ ನೀರಿನ ರುಚಿ ನೋಡುವ ನಾಲಿಗೆ, ಸುತ್ತಮುತ್ತ ನೋಡುವ ಕಣ್ಣು, ಮೀನು ಕರೆಯಲು ಹುಳದ ಹಾಗೆ ಗುಂಯ್‌ಗುಟ್ಟುವ ಗಂಟಲು, ಪೆಟ್ಟಿಗೆಯೊಳಗೆ ದಾರ ಸುತ್ತುವ ಮೋಟರು. ಗುಂಡಿ ಒತ್ತಿದ.

“ನಮಸ್ಕಾರ, ಅನನುಭವಿಗಳೇ,” ಎಂದಿತು ಪೆಟ್ಟಿಗೆ, ರೇಡಿಯೋದಲ್ಲಿ ಕೃಷಿವಾರ್ತೆ ಓದುವ ಹೆಂಗಸಿನ ದನಿಯಲ್ಲಿ. “ಈ ನೀರಿನಲ್ಲಿ ಮೀನಿರುವುದಿಲ್ಲ. ದಯಮಾಡಿ ಎದ್ದು ಮನೆಗೆ ತೆರಳಿರಿ.”

ತೊಟ್ಟಿಯಿಂದ ಒಂದು ಜಿಲೇಬಿ ಹಾರಿ ಬೋರಲಿಂಗಯ್ಯನ ಪಂಚೆಗೆ ಬಡಿದು ಮತ್ತೆ ನೀರಿಗೆ ಬಿತ್ತು.

“ತೊಟ್ಟಿ ಬಣ್ಣ ನೀಲಿ ಅಲ್ವಾ, ಅದಕ್ಕೆ,” ಎಂದ ಅವನು ಬೆವರೊರೆಸಿಕೊಂಡು.

ದ್ಯಾವೀರಮ್ಮನಿಗೆ ತೊಟ್ಟಿಯ ಬಣ್ಣ ಬೇಕಿರಲಿಲ್ಲ. ಆ ಮಾತು ಬೇಕಿತ್ತು. ಎಲ್ಲೋ ಕೇಳಿದ ಹಾಗಿತ್ತು. ಇವತ್ತಿಗೆ ಎರಡು ತಿಂಗಳ ಹಿಂದೆ ಯಾರಿಗೋ ತಾನೇ ಹೇಳಿದ ಹಾಗಿತ್ತು!

“ಬೋರಲಿಂಗ, ಇದರ ತಲೆಯೊಳಗೆ ಏನು ತುಂಬಿದ್ದೀ?”

“ಅನುಭವ! ಏರಿ ಮೇಲೆ ಕೂರೋ ಒಬ್ಬೊಬ್ಬರನ್ನೂ ಕೇಳಿ ಬರ್ಕೊಂಡೆ. ಎಷ್ಟು ಆಳ, ಯಾವ ಎರೆ, ಯಾವ ಜಾಗ. ಮುನ್ನೂರ ಹನ್ನೆರಡು ಸೂತ್ರ! ನಿನ್ನವೇ ಇಪ್ಪತ್ತು. ಮರೆತ್ಯಾ?”

“ಕೇಳಿದ್ದು ಎಲ್ಲಿ? ಅವರ ಮನೇಲೋ, ಏರಿ ಮೇಲೋ?”

“ಏರಿ ಮೇಲೇನೇ! ವಿಜ್ಞಾನ ಅಂದ್ರೆ ಜಾಗಕ್ಕೇ ಹೋಗಿ ಕೇಳ್ಬೇಕು ಅತ್ತಿಗೆ!”

ದ್ಯಾವೀರಮ್ಮ ಸೆರಗನ್ನು ಬಾಯಿಗೆ ತುರುಕಿಕೊಂಡು ಒಳಗೆ ಹೋದಳು. ಅಡುಗೆಮನೆಯ ಕಂಬ ಹಿಡಿದು ನಗುವಷ್ಟು ನಕ್ಕಳು. ನಕ್ಕು ಮುಗಿದ ಮೇಲೆ ಒಲೆಯ ಮುಂದೆ ಕೂತಳು.

ಪಂಪ್‌ಹೌಸಿನಲ್ಲೇ ಆಯಸ್ಸು ಕಳೆದವನಿಗೆ ಏನು ಗೊತ್ತು? ಮುತ್ತುಗದಕೆರೆಯ ಏರಿಯ ಮೇಲೆ ಕೂತವರನ್ನು ಯಾರೇ ಏನೇ ಕೇಳಲಿ, ನಿಜ ಹೇಳುವ ಹಾಗಿಲ್ಲ. ಹೆತ್ತ ತಾಯಿ ಕೇಳಿದರೂ ಇಲ್ಲ. ನೀರಿನ ಹತ್ತಿರ ಆಡಿದ ನಿಜ ನೀರಿಗೆ ಮುಟ್ಟುತ್ತದೆ, ನೀರಿಗೆ ಮುಟ್ಟಿದ್ದು ಮೀನಿಗೆ ಮುಟ್ಟುತ್ತದೆ. ಅಜ್ಜಿಯ ಅಜ್ಜಿಯ ಕಾಲದಿಂದ ನಡೆದುಬಂದದ್ದು. ಬುಟ್ಟಿ ತುಂಬಿದ್ದರೆ “ಒಂದೂ ಇಲ್ಲ” ಎನ್ನಬೇಕು. ದಾರ ಎರಡು ಮೊಳ ಬಿಟ್ಟಿದ್ದರೆ ಹನ್ನೆರಡು ಎನ್ನಬೇಕು. ಮನೆಗೆ ಬಂದು, ಕಾಲು ತೊಳೆದು, ಒಲೆಯ ಮುಂದೆ ಕೂತ ಮೇಲೆ ಕೇಳಿದರೆ ಅದರ ಮಾತು ಬೇರೆ. ಮಕ್ಕಳು ಕಲಿಯುವುದು ಅಲ್ಲಿ.

ಬೋರಲಿಂಗಯ್ಯ ಮೂರು ತಿಂಗಳು ಬಿಸಿಲಲ್ಲಿ ಅಲೆದು, ಒಂದು ಕೆರೆಯ ಮುನ್ನೂರ ಹನ್ನೆರಡು ಸುಳ್ಳುಗಳನ್ನು ಒಂದೂ ಬಿಡದೆ ಆರಿಸಿ ತಂದಿದ್ದ!

ಹೇಳಿಬಿಡೋಣವೇ? ಹೇಳಿದರೆ ಅವನ ಮುಖ ಸಪ್ಪಗಾಗುತ್ತದೆ, ಪೆಟ್ಟಿಗೆ ವಾಪಸ್ಸಾಗುತ್ತದೆ, ಯಂತ್ರವಿಲ್ಲದೆ ಕಾರ್ಡಿಲ್ಲ, ಕಾರ್ಡಿಲ್ಲದೆ ಬಂಡೆಯಿಲ್ಲ. ಹೇಳದಿದ್ದರೂ ಭಾನುವಾರ ಹನ್ನೊಂದು ಜನರ ಮುಂದೆ ಎಲ್ಲ ಬಯಲಾಗುತ್ತದೆ, ಆಗಲೂ ಬಂಡೆಯಿಲ್ಲ. ಹೊರಗೆ ಬಂದು ಕೇಳಿದಳು:

“ಆ ಹನ್ನೊಂದೂ ಪೆಟ್ಟಿಗೆ ಅವರಿಗೆ ಕೊಟ್ಟಾಯ್ತಾ?”

“ನಿನ್ನೇನೇ ಕೊಟ್ಟೆ!”

“ಸರಿ ಬಿಡು,” ಎಂದಳು. ಕ್ಲಬ್ಬಿನವರಿಗೆ ಪಾಠ ಹೇಳುವುದು ಅನನುಭವಿಯ ಕೆಲಸವಲ್ಲ.

*

ಭಾನುವಾರ ಬೆಳಿಗ್ಗೆ ಕೆರೆಗೆ ತೋರಣ ಕಟ್ಟಿದ್ದರು. ಅಧ್ಯಕ್ಷ ಸೋಮಪ್ರಕಾಶರು ಹದಿನೆಂಟು ಜೇಬಿನ ಅಂಗಿ ತೊಟ್ಟು ಮೈಕಿನ ಮುಂದೆ ನಿಂತರು. ಯಾವ ಜೇಬಿನಲ್ಲಿ ಭಾಷಣವಿದೆ ಎಂದು ಹುಡುಕುವುದರಲ್ಲೇ ಕಾಲು ಗಂಟೆ ಹೋಯಿತು.

“ಇಷ್ಟು ದಿನ ಈ ಕೆರೆಯಲ್ಲಿ ಶಿಸ್ತಿರಲಿಲ್ಲ!” ಎಂದರು. “ಈ ಏರಿಯ ಜನರನ್ನು ಏನು ಕೇಳಿದರೂ ಸುಳ್ಳು! ಎಷ್ಟು ಹಿಡಿದಿರಿ ಅಂದರೆ ಸುಳ್ಳು, ಎಲ್ಲಿ ಹಿಡಿದಿರಿ ಅಂದರೆ ಸುಳ್ಳು! ಅದಕ್ಕೇ ನಾನು ಒಂಬತ್ತನೇ ನಿಯಮ ಬರೆದಿದ್ದೇನೆ. ಯಾರು ಎಲ್ಲಿ ಕೂತರು, ಏನು ಹಿಡಿದರು ಎಂಬುದಕ್ಕೆ ಗಾಳಗುರು ದಾಖಲಿಸಿದ್ದೇ ಅಂತಿಮ. ಮನುಷ್ಯರ ಬಾಯಿಮಾತಿಗೆ ಇಲ್ಲಿ ಬೆಲೆಯಿಲ್ಲ!”

ಹನ್ನೊಂದು ಜನ ಚಪ್ಪಾಳೆ ತಟ್ಟಿದರು. ಗೇಟಿನ ಹತ್ತಿರ ಕಾವಲುಗಾರ ಚೌಡಪ್ಪ ದೊಡ್ಡ ರಿಜಿಸ್ಟರು ತೆರೆದು ಕೂತಿದ್ದ. ಅವನ ಪಕ್ಕದ ಸ್ಪೀಕರು ಪೆಟ್ಟಿಗೆಗಳ ವರದಿಯನ್ನು ಹೇಳುತ್ತದೆ, ಅವನು ಬರೆದುಕೊಳ್ಳುತ್ತಾನೆ. ಅವನೂ ಇದೇ ಏರಿಯವನು. ಮುಖವನ್ನು ಕಲ್ಲಿನ ಹಾಗಿಟ್ಟುಕೊಂಡಿದ್ದ.

ದ್ಯಾವೀರಮ್ಮನಿಗೆ ಬೇಲಿಯ ಮೂಲೆಯಲ್ಲಿ, ನೀರೇ ಕಾಣದ ಕಡೆ ಒಂದು ಸ್ಟೂಲು ಕೊಟ್ಟರು. ಅವಳು ತನ್ನ ಪೆಟ್ಟಿಗೆಯ ಗುಂಡಿ ಒತ್ತಲಿಲ್ಲ. ಎಲೆಯಡಿಕೆ ಚೀಲದಲ್ಲಿ ಸುತ್ತಿ ಮಡಿಲಲ್ಲಿಟ್ಟುಕೊಂಡಳು.

ಹನ್ನೊಂದು ಜನ ಒಟ್ಟಿಗೆ ಗುಂಡಿ ಒತ್ತಿದರು.

“ಹನ್ನೆರಡು ಮೊಳ ಆಳಕ್ಕೆ ಬಿಡಿರಿ,” ಎಂದಿತು ಒಂದು ಪೆಟ್ಟಿಗೆ. ದ್ಯಾವೀರಮ್ಮನ ಕಿವಿ ನಿಮಿರಿತು. ಇದು ಕೋಟೆಮನೆ ಮರಿದ್ಯಾವನ ಸುಳ್ಳು. ಸೀದಾಸಾದಾ, ಮನುಷ್ಯನ ಹಾಗೇ.

“ಎರೆಹುಳು ಸಲ್ಲದು. ಗಾಳಕ್ಕೆ ಬೆಂಡೆಕಾಯಿಯ ಲೋಳೆ ಸವರಿರಿ.” ಇದು ಕುಂಟ ಹುಚ್ಚಯ್ಯಂದು. ಒಳ್ಳೆ ಕೆಲಸಗಾರಿಕೆ.

“ನೀರಿಗೆ ಬೆನ್ನು ತಿರುಗಿಸಿ ಕೂರಬೇಕು. ಮುಖ ಕಂಡರೆ ಜಿಲೇಬಿಗೆ ನಾಚಿಕೆಯಾಗುತ್ತದೆ.” ದ್ಯಾವೀರಮ್ಮನ ಎದೆ ಉಬ್ಬಿತು. ಅದು ಹೋದ ತಿಂಗಳು ತೀರಿಹೋದ ಸಣ್ಣಕ್ಕಜ್ಜಿಯದು! ಎಂಬತ್ತನೇ ವಯಸ್ಸಿನಲ್ಲಿ, ಕೊನೆಗಾಲದಲ್ಲಿ, ಎಂಥ ಸುಳ್ಳು! ಇಡೀ ಏರಿಯಲ್ಲಿ ಅಂಥ ಸುಳ್ಳು ನೇಯುವವರು ಇನ್ನೊಬ್ಬರಿರಲಿಲ್ಲ. ಅದೀಗ ಶುದ್ಧ ಕನ್ನಡದಲ್ಲಿ, ಸ್ಪೀಕರಿನಲ್ಲಿ, ಕಾರ್ಡು ಹಾಕಿಕೊಂಡವರ ಕಿವಿಗೆ ಬೀಳುತ್ತಿದೆ. ಅಜ್ಜಿ ಇದ್ದಿದ್ದರೆ!

ಹನ್ನೊಂದು ಜನ ಅನುಭವಿಗಳು ಹೇಳಿದ್ದನ್ನೆಲ್ಲ ಮಾಡಿದರು. ನೀರಿಗೆ ಬೆನ್ನು ತಿರುಗಿಸಿ ಕೂತರು. ಅಡುಗೆಯವನನ್ನು ಓಡಿಸಿ ಬೆಂಡೆಕಾಯಿ ತರಿಸಿದರು. ಹನ್ನೆರಡು ಮೊಳದ ದಾರ ಕೆಸರಿಗಿಳಿದು ಒಬ್ಬರಿಗೆ ಹಳೇ ಕೊಡೆ ಸಿಕ್ಕಿತು, ಇನ್ನೊಬ್ಬರಿಗೆ ಎಡಗಾಲಿನ ಗಂಬೂಟು, ಮತ್ತೊಬ್ಬರಿಗೆ ಕೆರೆಯೊಳಗೇ ಇಷ್ಟು ಹೊತ್ತು ಸುಖವಾಗಿದ್ದ ಎಮ್ಮೆಯ ಸರಪಳಿ. ಸರಪಳಿಯ ತುದಿಯಲ್ಲಿ ಎಮ್ಮೆಯೂ ಇತ್ತು. ಅದು ಎದ್ದು ನಿಂತು, ಬೇಸರದಿಂದ ಅವರನ್ನು ಹತ್ತು ಮಾರು ಎಳೆದುಕೊಂಡು ಹೋಯಿತು.

“ಬೋರಲಿಂಗಯ್ಯ! ಏನ್ರೀ ಇದು!” ಅಧ್ಯಕ್ಷರು ಕಿರುಚಿದರು.

“ಐದೇ ನಿಮಿಷ ಸಾರ್! ಈಗ ತಾನಾಗೇ ಕಲೀತದೆ!” ಬೋರಲಿಂಗಯ್ಯ ಏರಿಯ ಮೇಲೆ ಆ ತುದಿಯಿಂದ ಈ ತುದಿಗೆ ಓಡುತ್ತಿದ್ದ. “ತಾನು ಹೇಳಿದ್ದೇನು, ಸಿಕ್ಕಿದ್ದೇನು ಅಂತ ತಾಳೆ ನೋಡ್ತದೆ! ಒಂದು ಕಲ್ತಿದ್ದು ಹನ್ನೊಂದಕ್ಕೂ ಗೊತ್ತಾಗ್ತದೆ! ಮಾತಿನ ಒಳಗುಟ್ಟು ಹಿಡಿಯೋ ಯಂತ್ರ ಸಾರ್ ಇದು!”

ಅವನು ಹೇಳಿದ್ದು ಅಕ್ಷರಶಃ ನಿಜವಾಯಿತು. ಪೆಟ್ಟಿಗೆಗಳು ಐದು ನಿಮಿಷ ಸುಮ್ಮನಿದ್ದವು. ಮುನ್ನೂರ ಹನ್ನೆರಡು ಸೂತ್ರಗಳನ್ನೂ ಕೆರೆಯನ್ನೂ ತಾಳೆ ನೋಡಿದವು. ಒಂದೂ ಹೊಂದಲಿಲ್ಲ. ಹಾಗಾದರೆ ಈ ಜನ ಇಷ್ಟೊಂದು ಮಾತಾಡಿದ್ದು ಯಾಕೆ? ಯಂತ್ರಕ್ಕೆ ಒಳಗುಟ್ಟು ಹೊಳೆಯಿತು. ಏರಿಯ ಮೇಲೆ ಮಾತಿರುವುದು ಮೀನು ಹಿಡಿಸುವುದಕ್ಕಲ್ಲ. ಪರರನ್ನು ದೂರ ಇಡುವುದಕ್ಕೆ!

ಅಲ್ಲಿಂದ ಶುರುವಾಯಿತು.

ಹಲ್ಲಿನ ಡಾಕ್ಟರೊಬ್ಬರ ಗಾಳಕ್ಕೆ ಮೊಳದುದ್ದದ ಬಾಳೆಮೀನು ಸಿಕ್ಕಿತು. “ಅದು ಚಪ್ಪಲಿ,” ಎಂದ ಪೆಟ್ಟಿಗೆ ತಾನೇ ದಾರ ಸಡಿಲಿಸಿ ಬಿಟ್ಟುಬಿಟ್ಟಿತು.

“ಮೀಸೆ ಇತ್ತು ಕಣೇ ಅದಕ್ಕೆ!” ಡಾಕ್ಟರು ಅರಚಿದರು.

“ಮೀಸೆಯ ಚಪ್ಪಲಿ,” ಎಂದಿತು ಪೆಟ್ಟಿಗೆ.

ಇನ್ನೊಬ್ಬರ ಬುಟ್ಟಿಯಲ್ಲಿ ಎರಡು ಗೆಂಡೆ ಮೀನು ಒದ್ದಾಡುತ್ತಿದ್ದವು. ಚೌಡಪ್ಪನ ಸ್ಪೀಕರು “ಒಂದೂ ಇಲ್ಲ” ಎಂದಿತು, ಅವನು ‘ಒಂದೂ ಇಲ್ಲ’ ಎಂದು ದುಂಡಗೆ ಬರೆದ. ಒಂದು ಪೆಟ್ಟಿಗೆ ಪಕ್ಕದ ಪೆಟ್ಟಿಗೆಗೆ “ಆಚೆ ಮೂಲೆಯಲ್ಲಿ ರಾಶಿರಾಶಿ ಮೀನು” ಎಂದರೆ, ಆ ಪೆಟ್ಟಿಗೆ “ನಿಮ್ಮಲ್ಲೇ ಜಾಸ್ತಿ, ನಮ್ಮಲ್ಲೇನಿದೆ” ಎಂದು ವಿನಯದಿಂದ ಉತ್ತರಿಸುತ್ತಿತ್ತು. ನಂಬಿದ ಅನುಭವಿಗಳು ಈ ಮೂಲೆಯಿಂದ ಆ ಮೂಲೆಗೆ, ಆ ಮೂಲೆಯಿಂದ ಈ ಮೂಲೆಗೆ ಓಡಿ, ನಡುವೆ ಡಿಕ್ಕಿ ಹೊಡೆದು, “ನನ್ನ ಜಾಗಕ್ಕೆ ಯಾಕ್ರೀ ಬಂದ್ರಿ!” “ನಿಮ್ಮ ಪೆಟ್ಟಿಗೇನೇ ಕರೀತಲ್ರೀ!” ಎಂದು ಕಾರ್ಡು ಹಿಡಿದು ಎಳೆದಾಡಿದರು.

ಅಧ್ಯಕ್ಷರಿಗೆ ರೇಗಿತು. “ಆ ಮುದುಕಿಯ ಬಂಡೆ ಎಲ್ಲಿ? ಅಲ್ಲೇ ಮೀನಿರೋದು, ನನಗೆ ಗೊತ್ತು!” ಎಂದು ‘ಅಧ್ಯಕ್ಷರ ಪೀಠ’ದ ಬೋರ್ಡನ್ನು ಕಂಕುಳಲ್ಲಿ ಇರುಕಿಕೊಂಡು ಮೂರನೇ ತೂಬಿನ ಕಡೆ ಹೆಜ್ಜೆ ಹಾಕಿದರು.

ದ್ಯಾವೀರಮ್ಮ ಸ್ಟೂಲಿನಿಂದೆದ್ದಳು. ಇಪ್ಪತ್ತು ಸೂತ್ರಗಳನ್ನು ಹೇಳಿದ್ದಳಲ್ಲ ಅವಳು? ಇಪ್ಪತ್ತು ದಿನ ಬೋರಲಿಂಗಯ್ಯ ಕೇಳಿದ್ದ, ಇಪ್ಪತ್ತು ದಿನವೂ ಅವಳು ಹೇಳಿದ್ದು ಹೆಚ್ಚುಕಡಿಮೆ ಒಂದೇ ಮಾತು.

“ಮೂರನೇ ತೂಬಿನಲ್ಲಿ ಏನೂ ಇಲ್ಲ!” ಎಂದಿತು ಅಧ್ಯಕ್ಷರ ಪೆಟ್ಟಿಗೆ. ಅವರು ನಿಲ್ಲಲಿಲ್ಲ. “ಮೂರನೇ ತೂಬಿನಲ್ಲಿ ಏನೂ ಇಲ್ಲ! ಏನೂ ಇಲ್ಲ!” ಹನ್ನೊಂದೂ ಪೆಟ್ಟಿಗೆಗಳು ಒಂದೇ ಗಂಟಲಲ್ಲಿ ಬೊಬ್ಬೆಯಿಟ್ಟವು. ಕೋಲುಗಳು ಬಳುಕಿದವು, ದಾರಗಳು ಚಿಮ್ಮಿದವು, ಹನ್ನೊಂದು ಗಾಳಗಳು ಹಾರಿ ಬಂದು ಹದಿನೆಂಟು ಜೇಬುಗಳಲ್ಲಿ ಹನ್ನೊಂದಕ್ಕೆ ಸಿಕ್ಕಿಕೊಂಡವು! ಮೋಟರುಗಳು ಗರ್ರನೆ ಸುತ್ತಿದವು. ಅಧ್ಯಕ್ಷರು ಹಿಮ್ಮುಖವಾಗಿ, ಬೋರ್ಡಿನ ಸಮೇತ, ಸೂತ್ರ ಹರಿಯದ ಗಾಳಿಪಟದಂತೆ ಬೇಲಿಯವರೆಗೂ ಸರಿದು ಬಂದರು. ಉಳಿದ ಹತ್ತು ಜನ ತಮ್ಮ ದಾರ ಬಿಡಿಸಿಕೊಳ್ಳಲು ಹೋಗಿ ತಾವೂ ಸುತ್ತಿಕೊಂಡರು. ಐದು ನಿಮಿಷದಲ್ಲಿ ಇಡೀ ಕ್ಲಬ್ಬು ಒಂದೇ ಉಂಡೆಯಾಯಿತು.

“ದಾರ ಸಿಕ್ಕಾಯ್ತು! ಏನು ಮಾಡ್ಬೇಕ್ರೀ ಈಗ!” ಉಂಡೆಯೊಳಗಿಂದ ಒಂದು ದನಿ.

“ಬಿಡಿಸ್ಬೇಕು,” ಎಂದಳು ದ್ಯಾವೀರಮ್ಮ.

ಅಷ್ಟಕ್ಕೇ ನಿಲ್ಲಲಿಲ್ಲ. ಹನ್ನೊಂದು ಬೆಂಡುಗಳ ಗಂಟಲುಗಳು ಗುಂಯ್‌ಗುಡುತ್ತಲೇ ಇದ್ದವು. ಒಂದು ಹುಳದ ಸದ್ದಿಗೆ ಮೀನು ಬರಬಹುದು. ಹನ್ನೊಂದು ಹುಳ ಹುಚ್ಚೆದ್ದು ಕೂಗಿದರೆ ಮೊಸಳೆಯೂ ನಿಲ್ಲುವುದಿಲ್ಲ. ಕೆರೆಯ ಮೀನೆಲ್ಲ ಗದ್ದಲವಿಲ್ಲದ ಜಾಗ ಹುಡುಕಿ ಹೊರಟವು. ಅಂಥದ್ದು ಕೆರೆಯಲ್ಲಿ ಒಂದೇ ಉಳಿದಿತ್ತು. ಮೂರನೇ ತೂಬಿನ ಮುಂದೆ ನೀರು ಅನ್ನದ ಎಸರಿನಂತೆ ಕೊತಕೊತ ಕುದಿಯಿತು!

ದ್ಯಾವೀರಮ್ಮ ಕ್ಲಬ್ಬಿನ ಗೋಡೆಯ ಹತ್ತಿರ ಹೋದಳು. ತನ್ನ ಬಿದಿರಿನ ಕೋಲನ್ನು ಇಳಿಸಿ, ಸೆರಗಿನಿಂದ ಧೂಳೊರೆಸಿದಳು. ಚೌಡಪ್ಪನ ಮುಂದೆಯೇ ಹಾದು, ಬಂಡೆಯ ಮೇಲೆ ಬಂದು, ತನ್ನ ತಗ್ಗಿನಲ್ಲಿ ತಾನು ಕೂತಳು. ಅಕ್ಕಿಕಾಳಿನಷ್ಟು ಸಣ್ಣ ಗಾಳಕ್ಕೆ ಎರೆ ಸಿಕ್ಕಿಸಿ, ಇಷ್ಟೇ ಇಷ್ಟು ಆಳಕ್ಕೆ ಬಿಟ್ಟಳು. ಎಷ್ಟು ಎಂದು ಇಲ್ಲಿ ಬರೆಯುವುದಿಲ್ಲ, ಬರೆದರೂ ನಂಬಬೇಡಿ. ಬೆಂಡು ಮುಳುಗಲಿಲ್ಲ, ಒಂದಿಷ್ಟು ಓರೆಯಾಯಿತು. ಅವಳು ಎಳೆಯಲಿಲ್ಲ, ಮಲಗಿದ ಕೂಸನ್ನು ಎತ್ತುವ ಹಾಗೆ ಎತ್ತಿದಳು. ಅಂಗೈಯಗಲದ ಜಿಲೇಬಿ ಬಿಸಿಲಿಗೆ ಮಿರಮಿರ ಮಿಂಚಿತು. ಮೊದಲನೆಯದನ್ನು ನೀರಿಗೇ ಬಿಟ್ಟಳು. ಎರಡನೆಯದು ಬುಟ್ಟಿಗೆ.

ಉಂಡೆ ಕುಪ್ಪಳಿಸುತ್ತ ಹತ್ತಿರ ಬಂತು. ಮುಂದಿನ ಭಾಗದಲ್ಲಿ ಅಧ್ಯಕ್ಷರ ಮುಖವಿತ್ತು.

“ಅಮ್ಮಾ,” ಎಂದಿತು ಆ ಮುಖ, ಇದ್ದಕ್ಕಿದ್ದಂತೆ ಮೆತ್ತಗಾಗಿ, “ನೋಡಿ, ಈಗಲೇ ನಿಮಗೆ ಅನುಭವಿ ಕಾರ್ಡು. ಬಂಡೆ ನಿಮ್ಮ ಹೆಸರಿಗೇ. ಎಷ್ಟು ಆಳ, ಯಾವ ಎರೆ, ಎಷ್ಟು ಹೊತ್ತಿಗೆ ಅಂತ ಒಂದೇ ಒಂದು ಸಲ ನಿಜ ಹೇಳಿ ಸಾಕು, ಈ ಪೆಟ್ಟಿಗೆ ಸರಿಹೋಗತ್ತೆ. ನಿಮ್ಮ ಮೈದುನರಿಗೂ ಸನ್ಮಾನ ಮಾಡ್ತೀವಿ.”

ದ್ಯಾವೀರಮ್ಮ ಬೋರಲಿಂಗಯ್ಯನ ಕಡೆ ನೋಡಿದಳು. ಅವನ ತಲೆಗೂದಲು ಕೆದರಿತ್ತು, ಪಂಚೆ ಒದ್ದೆಯಾಗಿತ್ತು. ಅವನಿಗೆ ಆಗತಾನೆ ಎಲ್ಲ ಅರ್ಥವಾದ ಹಾಗಿತ್ತು.

“ಅತ್ತಿಗೆ,” ಎಂದ ತೊದಲುತ್ತ, “ನೀನೂ ನಂಗೆ ಸುಳ್ಳು ಹೇಳಿದ್ಯಾ? ಇಪ್ಪತ್ತೂ?”

“ಏರಿ ಮೇಲೆ ಕೇಳಿದ್ರೆ ಇನ್ನೇನು ಹೇಳ್ಲಪ್ಪ? ಮನೇಲಿ ಒಲೆ ಮುಂದೆ ಕೇಳ್ಬಾರದಿತ್ತಾ?”

ಬೋರಲಿಂಗಯ್ಯ ಕೆದರಿದ ಕೂದಲನ್ನು ಎರಡೂ ಕೈಯಿಂದ ಸವರಿಕೊಂಡ. ಆಮೇಲೆ ನಿಧಾನವಾಗಿ ಅವನ ಎದೆ ಮುಂದೆ ಬಂತು. “ಅಂದ್ರೆ, ನನ್ನ ಯಂತ್ರ ಏರಿಯವರ ಗುಟ್ಟು ಬರೀ ಐದು ನಿಮಿಷದಲ್ಲಿ ಕಲೀತು! ಕ್ಲಬ್ಬಿನೋರಿಗೆ ಇನ್ನೂ ಬರ್ಲಿಲ್ಲ!”

“ನಿಮ್ಮ ಸನ್ಮಾನ ಅವನಿಗೆ ಬೇಡವಂತೆ ಸ್ವಾಮಿ,” ಎಂದಳು ದ್ಯಾವೀರಮ್ಮ. “ನಂಗೆ ಕಾರ್ಡೂ ಬೇಡ. ಹೇಳೋ ಮಾತೂ ಇಲ್ಲ.”

ಅಧ್ಯಕ್ಷರ ಮೆತ್ತನೆಯ ದನಿ ಮಾಯವಾಯಿತು. “ಹಾಗಾದ್ರೆ ಇದು ಅತಿಕ್ರಮಣ! ಚೌಡಪ್ಪ! ಬರ್ಕೋ! ಅನನುಭವಿಯೊಬ್ಬಳು ಪರವಾನಗಿ ಇಲ್ಲದೆ ಮೂರನೇ ತೂಬಿನ ಬಂಡೆ ಮೇಲೆ ಕೂತಿದ್ದಾಳೆ ಅಂತ ಬರ್ಕೋ!”

ಚೌಡಪ್ಪ ರಿಜಿಸ್ಟರು ಹಿಡಿದು ಎದ್ದು ನಿಂತ. “ಬಾಯಿಮಾತಿಗೆ ಬೆಲೆ ಇಲ್ಲ ಅಂತ ನೀವೇ ಬರೆಸಿದ್ರಲ್ಲ ಸಾರ್. ಒಂಬತ್ತನೇ ನಿಯಮ. ಪೆಟ್ಟಿಗೇನ ಕೇಳ್ಬೇಕು.”

“ಕೇಳು ಮತ್ತೆ! ಕಣ್ಣೆದುರಿಗೇ ಕೂತಿದ್ದಾಳಲ್ಲ!”

ಚೌಡಪ್ಪ ಸ್ಪೀಕರಿನ ಗುಂಡಿ ಒತ್ತಿ ಕೇಳಿದ. ಹನ್ನೊಂದು ಪೆಟ್ಟಿಗೆಗಳು ತಮ್ಮ ಹನ್ನೊಂದು ಬೆಂಡುಗಳಿಂದ ಬಂಡೆಯನ್ನು, ಕೋಲನ್ನು, ತುಂಬುತ್ತಿರುವ ಬುಟ್ಟಿಯನ್ನು, ದ್ಯಾವೀರಮ್ಮನನ್ನು ಚೆನ್ನಾಗಿ ಗಮನಿಸಿದವು. ಆಮೇಲೆ ಕೃಷಿವಾರ್ತೆಯ ದನಿಯಲ್ಲಿ, ಒಂದೂ ತಪ್ಪದೆ, ಒಟ್ಟಾಗಿ ವರದಿ ಒಪ್ಪಿಸಿದವು:

“ಮೂರನೇ ತೂಬಿನಲ್ಲಿ ಯಾರೂ ಇಲ್ಲ.”

‘ಯಾರೂ ಇಲ್ಲ’ ಎಂದು ಚೌಡಪ್ಪ ದುಂಡಗೆ ಬರೆದು, ಕೆಳಗೆ ಗೆರೆ ಎಳೆದ.

“ಏಳಮ್ಮಾ ಮೇಲೆ!” ಅಧ್ಯಕ್ಷರು ಉಂಡೆಯೊಳಗೇ ಕುಣಿದರು. “ಈಗಲೇ ಏಳು ಅಂತೀನಿ!”

ದ್ಯಾವೀರಮ್ಮ ಬೆಂಡಿನಿಂದ ಕಣ್ಣು ತೆಗೆಯಲಿಲ್ಲ.

“ನಾನು ಇಲ್ಲೇ ಇಲ್ವಂತಲ್ಲ ಸ್ವಾಮಿ,” ಎಂದಳು. “ಇಲ್ದೋಳು ಏಳೋದೆಂಗೆ? ಏಳಾಕಿಲ್ಲ.”